ಅತ್ತಿಗೆ ನನ್ನ ಬ್ಲಾಗು ಹೊತ್ತ ಭಾನುವಾರ

ನನಗೊಂದು ಸಣ್ಣ ಅಳುಕಿದೆ. ಅದನ್ನು ನನಗೆ ನಾನೇ ಒಪ್ಪಿಕೊಳ್ಳುವುದಕ್ಕೂ ಇಷ್ಟು ದಿನ ಬೇಕಾಯಿತು. ನಾನು ಬರೆದದ್ದನ್ನು ಯಾರೂ ಓದಬಾರದು ಎಂದುಕೊಂಡೇ ಬರೆಯುತ್ತೇನೆ. ಆದರೆ ಬರೆದದ್ದು ಅಳಿಸಿಹೋಗಬಾರದು ಎಂದೂ ಅಷ್ಟೇ ಬಲವಾಗಿ ಆಸೆಪಡುತ್ತೇನೆ. ಬೈಗುಳವೋ ಗುಟ್ಟೋ ಬರೆದಿಟ್ಟವರು ಹೆದರಿದರೆ ಅರ್ಥವಿದೆ. ನನ್ನ ಬರಹದಲ್ಲಿ ಅಂಥದ್ದೇನೂ ಇಲ್ಲ. ಓದಿದವರಿಗೆ ಗೊತ್ತಾಗುವುದು ಇಷ್ಟೇ: ಈ ಹುಡುಗಿ ತನ್ನ ಮನೆಯವರನ್ನು ಇಷ್ಟೊಂದು ಹಚ್ಚಿಕೊಂಡಿದ್ದಾಳೆ, ಅದನ್ನು ಒಂದು ದಿನವೂ ಬಾಯಿಬಿಟ್ಟು ಹೇಳಿಲ್ಲ. ಅದು ಗೊತ್ತಾಗಿಬಿಟ್ಟರೆ ಎಂದು ನೆನೆದರೇ ನನ್ನ ಕಿವಿ ಬಿಸಿಯಾಗುತ್ತದೆ.

ಚಿಕ್ಕಂದಿನಿಂದಲೂ ಡೈರಿ ಬರೆಯುವ ಅಭ್ಯಾಸ ನನ್ನದು. ಸಸ್ಯಶಾಸ್ತ್ರದಲ್ಲಿ ಪದವಿ ಮುಗಿಸಿದೆ. ಸಂದರ್ಶನಗಳಲ್ಲಿ ನನ್ನ ಹೆಸರು ಸುಚೇತಾ ಎನ್ನುವುದನ್ನೂ ಎರಡೆರಡು ಸಲ ಹೇಳಬೇಕಾಗಿ ಬಂದು, ಕೊನೆಗೆ ಮನೆಯಲ್ಲೇ ಕೂತು ಪಠ್ಯಪುಸ್ತಕಗಳ ಕರಡು ತಿದ್ದುವ ಕೆಲಸ ಹಿಡಿದೆ. ಅದಕ್ಕೆಂದು ಅಣ್ಣ ಶ್ರೀಪತಿ ತನ್ನ ಹಳೆಯ ಲ್ಯಾಪ್‌ಟಾಪನ್ನು ನನಗೆ ಕೊಟ್ಟ. ಅಮ್ಮ ತೀರಿಕೊಂಡ ವರ್ಷ, ಡೈರಿ ಸಾಲದು ಅನ್ನಿಸಿ, ಅದೇ ಲ್ಯಾಪ್‌ಟಾಪಿನಲ್ಲಿ ‘ಹಿತ್ತಿಲ ಕದ’ ಎಂಬ ಬ್ಲಾಗು ತೆರೆದೆ. ಹೆಸರು ಹಾಕಲಿಲ್ಲ, ಊರು ಹಾಕಲಿಲ್ಲ, ಪ್ರತಿಕ್ರಿಯೆ ಬರೆಯುವ ಜಾಗವನ್ನೂ ಇಡಲಿಲ್ಲ. ಎಲ್ಲೋ ದೂರದವರು ಯಾರಾದರೂ ದಾರಿತಪ್ಪಿ ಬಂದು ಓದಿ ಹೋದರೆ ಹೋಗಲಿ, ಅವರಿಗೆ ನಾನು ಯಾರೋ ಅಲ್ಲವೇ ಎಂಬ ಧೈರ್ಯ.

ಆ ಬ್ಲಾಗನ್ನು ಕಟ್ಟಿಕೊಡುತ್ತಿದ್ದದ್ದು ಒಂದು ಸ್ಟ್ಯಾಟಿಕ್ ಸೈಟ್ ಜನರೇಟರ್. ನಾವು ಬರಹವನ್ನು ಸಾದಾ ಫೈಲಾಗಿ ಬರೆದಿಟ್ಟರೆ ಸಾಕು, ಅದು ತಲೆಬರಹ ಕೂರಿಸಿ, ದಿನಾಂಕ ಹಾಕಿ, ಅಂಚು ಬಿಟ್ಟು, ಚೊಕ್ಕಟವಾದ ಪುಟ ಮಾಡಿಕೊಡುತ್ತದೆ. ಅದನ್ನು ಮಾಡಿದಾತ ಯಾರೋ, ಈ ಸಲ ಬೇಸಿಗೆಯಲ್ಲಿ, ‘ಇನ್ನು ನನ್ನಿಂದಾಗದು, ಕ್ಷಮಿಸಿ’ ಎಂದೊಂದು ಸಾಲು ಬರೆದು ಕೈಬಿಟ್ಟ. ಆ ಪುಟಗಳನ್ನು ಇರಿಸಿಕೊಂಡಿದ್ದ ತಾಣವೂ ಅವನ ಹಿಂದೆಯೇ ಬಾಗಿಲು ಹಾಕುವುದಾಗಿ ತಿಳಿಸಿತು. ನನಗೆ ಸಿಟ್ಟು ಬರಲಿಲ್ಲ. ಮುಖ ಕಾಣದ ಮನುಷ್ಯ ಇಷ್ಟು ವರ್ಷ ಬಿಟ್ಟಿಯಾಗಿ ನನ್ನ ಪುಟ ಕಟ್ಟಿಕೊಟ್ಟನಲ್ಲ ಎಂದು ಕೈಮುಗಿಯುವ ಹಾಗಾಯಿತು. ಆದರೆ ಲ್ಯಾಪ್‌ಟಾಪ್ ಕೂಡ ಅದೇ ಹೊತ್ತಿಗೆ ಜೀವ ಬಿಡುತ್ತಿತ್ತು. ಪರದೆಯ ಕೀಲು ಮುರಿದು ಅದಕ್ಕೆ ಹಿಂದಿನಿಂದ ಡಬ್ಬಿಯೊಂದನ್ನು ಆನಿಸಿಡಬೇಕಾಗಿತ್ತು. ಮಾತಿಲ್ಲದೆ ಕಪ್ಪಾಗಿಬಿಡುತ್ತಿತ್ತು, ಮತ್ತೆ ಯಾವಾಗ ಬೆಳಗುತ್ತದೋ ಅದರ ಮರ್ಜಿ. ಅಣ್ಣ ಹೊಸದೊಂದನ್ನು ತಂದುಕೊಟ್ಟ. ಹೊಸದರಲ್ಲಿ ಹಳೆಯ ಜನರೇಟರ್ ಕೂರಲೇ ಇಲ್ಲ. ಹಾಗಾಗಿ ಹೊಸ ಜನರೇಟರ್ ಒಂದನ್ನು ಹುಡುಕಿ, ಹಳೆಯ ಫೈಲುಗಳನ್ನು ಹೊಸದರ ರೀತಿಗೆ ಬದಲಾಯಿಸಿ ಸಾಗಿಸುವ ಪುಟ್ಟದೊಂದು ಸ್ಕ್ರಿಪ್ಟನ್ನು ನಾನೇ ಬರೆದೆ. ಯಾರ ಹಂಗೂ ಇಲ್ಲದೆ, ಯಾರಿಗೂ ಕಾಣದೆ, ಒಂದು ಗುಂಡಿ ಒತ್ತಿದರೆ ಮುಗಿಯುವ ಕೆಲಸ. ಒತ್ತಿದೆ.

ತಲೆಬರಹಗಳೆಲ್ಲ ಬಂದವು. ದಿನಾಂಕಗಳೆಲ್ಲ ಬಂದವು. ಅವುಗಳ ಕೆಳಗೆ ಏನೂ ಇರಲಿಲ್ಲ.

ಸ್ಕ್ರಿಪ್ಟನ್ನು ತಿದ್ದಿದೆ, ಮತ್ತೆ ಒತ್ತಿದೆ. ಕೈಯಾರೆ ಒಂದೇ ಒಂದು ಬರಹವನ್ನು ನಕಲು ಮಾಡಿ ಪೆನ್‌ಡ್ರೈವಿಗೆ ಹಾಕಿ ನೋಡಿದೆ. ಅಲ್ಲೂ ತಲೆಬರಹ, ದಿನಾಂಕ, ಬಿಳಿ. ಹಳೆಯ ಲ್ಯಾಪ್‌ಟಾಪಿನಲ್ಲಿ ಮೂಲ ಇದ್ದ ಹಾಗೇ ಇತ್ತು, ಅದೊಂದೇ ಸಮಾಧಾನ. ಹೊಸ ಜನರೇಟರ್ ಬಳಸುವವರ ಒಂದು ವೇದಿಕೆಯಲ್ಲಿ, ಮನಸ್ಸು ಗಟ್ಟಿಮಾಡಿಕೊಂಡು, ಏನಾಗುತ್ತಿದೆಯೆಂದು ಬರೆದು ಕೇಳಿದೆ. ಟೆಂಪ್ಲೇಟು ತಪ್ಪಿರಬೇಕು ಎಂದರೊಬ್ಬರು. ಕನ್ನಡದ ಅಕ್ಷರಗಳದ್ದೇ ತೊಂದರೆ ಎಂದರೊಬ್ಬರು. ಇನ್ನೊಬ್ಬರು ಪುಣ್ಯಾತ್ಮರು ನನ್ನ ಸ್ಕ್ರಿಪ್ಟನ್ನು ತಮ್ಮ ಕನ್ನಡ ಬರಹಗಳ ಮೇಲೆ ಓಡಿಸಿ ನೋಡಿ, ‘ನನ್ನಲ್ಲಿ ಎಲ್ಲ ಸರಿಯಾಗಿ ಬರುತ್ತಿದೆ. ಅಂದಹಾಗೆ ನಿಮ್ಮದು ಯಾವ ಊರು?’ ಎಂದು ಬರೆದರು. ನಾನು ಉತ್ತರ ಕೊಡಲಿಲ್ಲ. ಆದರೆ ಆ ಪ್ರಶ್ನೆಯನ್ನು ಓದಿದ ಮೇಲೆಯೇ ನನಗೆ ನನ್ನ ಊರು ನೆನಪಾದದ್ದು.

ಮರುದಿನ ಬೆಳಿಗ್ಗೆ ಅದನ್ನು ಮರೆಯಲಾಗದ ಹಾಗೆ ಕಣ್ಣೆದುರಿಗೇ ಮೆರವಣಿಗೆ ಹೊರಟಿತು. ನಮ್ಮ ಬೀದಿಯ ವಾಸುದೇವಯ್ಯನವರು ಕೆರೆಬೀದಿಗೆ ಮನೆ ಬದಲಿಸುತ್ತಿದ್ದರು. ನಮ್ಮೂರಲ್ಲಿ ಯಾರೂ ತಮ್ಮ ಸಾಮಾನನ್ನು ತಾವು ಹೊರುವುದಿಲ್ಲ. ಹೊತ್ತರೆ ಎತ್ತಿದ ಗಳಿಗೆಯಲ್ಲೇ ಹಗುರಾಗಿಬಿಡುತ್ತದೆ. ಉಪ್ಪಿನಕಾಯಿಯ ಜಾಡಿ ಬರುತ್ತದೆ, ಉಪ್ಪಿನಕಾಯಿ ಬರುವುದಿಲ್ಲ. ಫೋಟೋದ ಕಟ್ಟು ಬರುತ್ತದೆ, ಅಜ್ಜ ಬರುವುದಿಲ್ಲ. ಬೇರೆಯವರು ಹೊರಬೇಕು, ಅದೂ ಮುಚ್ಚಳ ತೆಗೆದು, ಒಳಗೇನಿದೆಯೆಂದು ನೋಡಿ ಹೊರಬೇಕು. ಹೊರುವವರು ಪ್ರತಿಯೊಂದನ್ನೂ ಎತ್ತಿ ಹಿಡಿದು, “ಇರಲಾ, ಬಿಡಲಾ?” ಎಂದು ಕೇಳುತ್ತಾರೆ. ಯಜಮಾನರು ಬಾಯಿಬಿಟ್ಟು ಹೇಳಬೇಕು. ತಲೆಯಾಡಿಸಿದರೆ ನಡೆಯುವುದಿಲ್ಲ. ಬಿಡಿ ಎಂದದ್ದನ್ನು ಹೊರುವವರು ಮತ್ತೆ ಕಣ್ಣೆತ್ತಿಯೂ ನೋಡುವ ಹಾಗಿಲ್ಲ.

ಹೀಗಾಗಿ ಬೀದಿಯುದ್ದಕ್ಕೂ ತೆರೆದ ಅಕ್ಕಿ ಡಬ್ಬಿಗಳು, ತೆರೆದ ಪೆಟ್ಟಿಗೆಗಳು, ಬಾಯಿ ಬಿಚ್ಚಿದ ಗಂಟುಗಳು ಸಾಗಿದವು. ವಾಸುದೇವಯ್ಯನವರು ಎಲ್ಲರ ಹಿಂದೆ, ಮದುವೆ ಗಂಡಿನ ಹಾಗೆ ಕೈಬೀಸಿಕೊಂಡು, ಮುಜುಗರದಿಂದ ನೆಲ ನೋಡುತ್ತ ನಡೆದಿದ್ದರು. ನಾನೂ ಅತ್ತಿಗೆಯೂ ಜಗಲಿಯಲ್ಲಿ ನಿಂತಿದ್ದೆವು. ಅಣ್ಣನ ಹೆಂಡತಿ ಕುಮುದಿನಿ, ನನ್ನ ಅತ್ತಿಗೆ, ಮನೆಯಲ್ಲೇ ಹೊಲಿಗೆ ಅಂಗಡಿ ಇಟ್ಟವರು. ನಡುಮನೆಯಲ್ಲಿ ಅವರ ಹೊಲಿಗೆ ಮಿಷನ್ ನಿಂತರೂ ಅವರ ಮಾತು ನಿಲ್ಲುವುದಿಲ್ಲ.

“ನೋಡಬಾರದು ಕಣೆ, ಆ ಕಡೆ ತಿರುಗು,” ಎಂದರು ಅತ್ತಿಗೆ, ಕಣ್ಣಿಗೆ ಅಡ್ಡ ಹಿಡಿದ ಬೆರಳುಗಳ ಸಂದಿಯಿಂದ ನೋಡುತ್ತ. “ಅಯ್ಯೋ ಶಿವನೇ, ಹಾರ್ಮೋನಿಯಂ! ಈ ಮನುಷ್ಯ ಯಾವತ್ತಾದ್ರೂ ಒಂದು ಸ ರಿ ಗ ಅಂದಿದ್ದು ಕೇಳಿದೀಯಾ? ಆ ಅಕ್ಕ ಹೊತ್ತಿರೋದೇನು, ಗೆಜ್ಜೆ! ಇವರ ಮನೇಲಿ ಗೆಜ್ಜೆ ಕಟ್ಟೋರು ಯಾರೇ?”

ನಾನು ನಕ್ಕೆ. ಶಬ್ದ ಬರಲಿಲ್ಲ. ನನ್ನ ನಗು ಯಾವಾಗಲೂ ಹಾಗೇ.

“ನಮ್ಮ ಸುಚೇತಾ ಬಾಯಿ ತೆಗೀಬೇಕಂದ್ರೆ ಹಲ್ಲಿನ ಡಾಕ್ಟ್ರೇ ಬರಬೇಕು,” ಎಂದರು ಅತ್ತಿಗೆ, ಬೀದಿಯ ಕಡೆಗೆ. ಆಮೇಲೆ ಸ್ವಲ್ಪ ಸಣ್ಣ ದನಿಯಲ್ಲಿ, “ಬಂದಾಗಿನಿಂದ ನಂಗೆ ಗೋಡೆ ಜೊತೆ ಮಾತಾಡಿ ಮಾತಾಡಿ ರೂಢಿ ಆಗೋಯ್ತು. ಗೋಡೆಯಾದ್ರೂ ಸಂಬಳ ಕೇಳಲ್ಲ, ಬಿಡು.”

ಗೆಜ್ಜೆ ಎಂದಾಗ ಇಬ್ಬರಿಗೂ ದೇವಕಮ್ಮನವರ ಕಾಲ್ಗೆಜ್ಜೆ ನೆನಪಾಗಿರಬೇಕು. ಅದು ನಮ್ಮ ಬೀದಿಯ ಎಲ್ಲರಿಗೂ ಗೊತ್ತಿರುವ ಕಥೆ. ದೇವಕಮ್ಮ ತಂಗಿ ಚಂಪಕಳಿಗೆಂದು ಒಂದು ಜೊತೆ ಬೆಳ್ಳಿ ಕಾಲ್ಗೆಜ್ಜೆ ಮಾಡಿಸಿದ್ದರಂತೆ. ಕೊಡುವ ಮೊದಲೇ ಅಕ್ಕತಂಗಿಯರಿಗೆ ಯಾವುದೋ ಮಾತಿಗೆ ಮನಸ್ತಾಪವಾಗಿ, ಅದು ಅಕ್ಕನ ಬೀರುವಿನಲ್ಲೇ ಉಳಿಯಿತು. ಎಷ್ಟೋ ಕಾಲದ ಮೇಲೆ ದೇವಕಮ್ಮ ಮನೆ ಬದಲಿಸಿದಾಗ, ಮಾತಿಲ್ಲದಿದ್ದರೂ ಹೊರುವುದಕ್ಕೆ ಬರಲೇಬೇಕಲ್ಲ ಎಂದು ಚಂಪಕ ಬಂದಳು. ಬೀರುವಿನಿಂದ ಡಬ್ಬಿಯನ್ನು ಎತ್ತಿದ ಕೂಡಲೇ ಅದು ಹಗುರಾಯಿತು. ನೋಡಿದರೆ ಖಾಲಿ ಹತ್ತಿಯ ಗಾದಿ. ತನ್ನದನ್ನು ತಾನು ಹೊತ್ತರೆ ತಾನೇ ಹಾಗಾಗುವುದು? ಇಷ್ಟು ವರ್ಷ ಅದು ತನ್ನದಾಗಿಯೇ ಆ ಬೀರುವಿನಲ್ಲಿತ್ತು ಎನ್ನುವುದು ಚಂಪಕಳಿಗೆ ಆಗ ತಿಳಿಯಿತು. ಬೀದಿಯಲ್ಲೇ ಕೂತು, ಖಾಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಅತ್ತು ನಕ್ಕಳಂತೆ. ಅವಳ ಮನೆಯ ದೇವರ ಗೂಡಿನಲ್ಲಿ ಆ ಖಾಲಿ ಡಬ್ಬಿ ಈಗಲೂ ಇದೆ.

ನನ್ನ ಬ್ಲಾಗಿಗೆ ಬಂದದ್ದೂ ಇದೇ ಕಷ್ಟ ಎಂದು ಒಪ್ಪಿಕೊಳ್ಳದೆ ದಾರಿಯಿರಲಿಲ್ಲ. ಬರೆದು ಹೊರಗೆ ತೋರಿಸುವುದು ತಂತಿಯ ಮೇಲೆ ಬಟ್ಟೆ ಒಣಹಾಕಿದ ಹಾಗೆ, ಅದು ಸಾಗಿಸುವುದಲ್ಲ. ಅದಕ್ಕೆ ಇಷ್ಟು ದಿನ ಏನೂ ಆಗಿರಲಿಲ್ಲ. ಈಗ ಮಾತ್ರ ಮನೆಯೇ ಬದಲಾಗುತ್ತಿದೆ. ಸ್ಕ್ರಿಪ್ಟ್ ನನ್ನದಾದರೆ ಅದು ನನ್ನದೇ ಕೈ. ಬೇರೆ ಯಾರಿಂದಲೋ ಆ ಗುಂಡಿ ಒತ್ತಿಸಿದರೆ ಅದು ಮುಚ್ಚಳ ಹಾಕಿ ಹೊತ್ತಂತೆ. ಒಂದೊಂದನ್ನೂ ತೆರೆದು ಓದಿ ದಾಟಿಸುವವರು ಬೇಕು. ಇಲ್ಲದಿದ್ದರೆ ಒಂದು ದಿನ ಆ ಪರದೆ ಕಪ್ಪಾಗಿ ಹಾಗೇ ಉಳಿಯುತ್ತದೆ. ಅಮ್ಮ ಹಾಸಿಗೆಯಲ್ಲಿ ಮಲಗಿಕೊಂಡೇ ಹಲಸಿನ ಹಪ್ಪಳಕ್ಕೆ ಖಾರ ಹೇಳುತ್ತಿದ್ದದ್ದು, ಅಣ್ಣ ಸೈಕಲ್ಲಿನಿಂದ ಬಿದ್ದು ಬಿದ್ದಿಲ್ಲವೆಂದು ವಾದಿಸಿದ್ದು, ನಮ್ಮ ಹಿತ್ತಿಲಿನ ಪಾರಿಜಾತ ಹೂಬಿಡುವ ಮೊದಲು ಎಲೆ ಬಣ್ಣ ತಿರುಗುವುದು, ಎಲ್ಲವೂ ಹೋಗುತ್ತದೆ. ನನಗೆ ಜ್ಞಾಪಕವಿರುತ್ತದಲ್ಲ ಎಂದುಕೊಂಡೆ. ಆದರೆ ಅಮ್ಮನ ಮಾತುಗಳು ಅವಳು ಆಡಿದ ಹಾಗೆಯೇ ಇದ್ದದ್ದು ಅಲ್ಲಿ ಮಾತ್ರ. ಜ್ಞಾಪಕದಲ್ಲಿ ಅವು ಆಗಲೇ ನನ್ನ ಮಾತಿನ ಹಾಗೆ ಕೇಳಿಸತೊಡಗಿದ್ದವು.

ಯಾರನ್ನು ಕೇಳುವುದು? ಅಣ್ಣನನ್ನು ಕೇಳಿದರೆ ಸಂಜೆಯೊಳಗೆ ಅವನ ಸ್ನೇಹಿತರಿಗೆಲ್ಲ ಹೆಮ್ಮೆಯಿಂದ ಓದಿ ಹೇಳುತ್ತಾನೆ. ಕಾಲೇಜಿನ ಗೆಳತಿಯರ ಜೊತೆ ಮಾತು ಬಿಟ್ಟುಹೋಗಿ ಕಾಲವಾಗಿತ್ತು. ಅತ್ತಿಗೆಯನ್ನು ಕೇಳುವುದನ್ನು ನಾನು ಯೋಚಿಸಲೂ ಇಲ್ಲ. ಕಾರಣ ಸರಳ. ಬರಹಗಳಲ್ಲಿ ಅರ್ಧಕ್ಕರ್ಧ ಅತ್ತಿಗೆಯೇ ಇದ್ದರು.

ಕೊನೆಗೆ ನಾನು ಕೇಳಲೇ ಇಲ್ಲ. ಅವಲಕ್ಕಿ ಡಬ್ಬಿ ನನ್ನಿಂದ ಕೇಳಿಸಿತು. ಶನಿವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಡಬ್ಬಿಗಳನ್ನು ಸರಿಸುವ ಸದ್ದಾಯಿತು. “ನಮ್ಮನೇಲಿ ಅವಲಕ್ಕಿ ಡಬ್ಬಿಗೂ ಕಾಲು ಬಂದಿದ್ಯಾ ಹೆಂಗೆ?” ಎನ್ನುತ್ತ ಅತ್ತಿಗೆ ಮನೆಯೆಲ್ಲ ಹುಡುಕಿ, ನನ್ನ ಕೋಣೆಗೆ ಬಂದು, ಲ್ಯಾಪ್‌ಟಾಪಿನ ಬೆನ್ನಿಗೆ ಆನಿಸಿಟ್ಟ ಡಬ್ಬಿಯನ್ನು ಕಂಡು ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಇದೇನೇ ಇದು? ನಿಮ್ಮಣ್ಣ ಒಗ್ಗರಣೆ ಅವಲಕ್ಕಿ ಬೇಕು ಅಂತ ತಟ್ಟೆ ಬಡೀತಿದಾರೆ, ನೀನು ಇಲ್ಲಿ ಕಂಪ್ಯೂಟರಿಗೆ ತಿನ್ನಿಸ್ತಿದೀಯಾ?” ಎಂದು ಡಬ್ಬಿಯನ್ನು ಎಳೆದರು. ಪರದೆ ಹಿಂದಕ್ಕೆ ಬಿತ್ತು, ಕಪ್ಪಾಯಿತು.

ಆಮೇಲೆ ಏನಾಯಿತೆಂದು ನನಗೆ ಸರಿಯಾಗಿ ತಿಳಿಯದು. ನಾನು ಅಳುತ್ತಿದ್ದೆನಂತೆ. ಅತ್ತಿಗೆ ಡಬ್ಬಿಯನ್ನು ಇದ್ದ ಜಾಗದಲ್ಲೇ ಇಟ್ಟು, ಪರದೆಯನ್ನು ಕೂಸಿನ ತಲೆ ಎತ್ತುವ ಹಾಗೆ ಎತ್ತಿ ಆನಿಸಿದರು. “ಬರುತ್ತೆ ಕಣೆ, ಬರುತ್ತೆ, ತಾಳು. ಅವಲಕ್ಕಿ ಹಾಳಾಗಿ ಹೋಗ್ಲಿ, ಉಪ್ಪಿಟ್ಟು ಮಾಡ್ತೀನಿ.” ಪರದೆ ಬಹಳ ಹೊತ್ತು ಸತಾಯಿಸಿ ಬೆಳಗಿತು. ಅದರ ಬೆಳಕು ಬಂದ ಧೈರ್ಯದಲ್ಲಿ ನನ್ನ ಬಾಯಿಂದ ಮಾತು ಬಂತು.

“ಅತ್ತಿಗೆ, ಹೊರಬೇಕಾಗಿತ್ತು.”

“ಏನು ಹೊರಬೇಕು?”

“ನಾನು ಬರೆದಿದ್ದು.”

ಅವರು ನನ್ನ ಮುಖವನ್ನೇ ನೋಡಿದರು. ಅವರು ಈ ಮನೆಗೆ ಬಂದಾಗಿನಿಂದ ನಾನು ಅವರಲ್ಲಿ ಏನನ್ನಾದರೂ ಬೇಕೆಂದು ಕೇಳಿದ್ದು ಅದೇ ಮೊದಲು. ಅವರು ಮದುವೆಯಾಗಿ ಬಂದ ದಿನ ಅವರ ಪೆಟ್ಟಿಗೆಯನ್ನು ಹೊಸಿಲು ದಾಟಿಸಿದವಳು ನಾನು. ಬಾಯಿ ತೆರೆದ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಸೀರೆಗಳ ನಡುವೆ ತವರಿನ ಗೋಡೆಯ ಸುಣ್ಣದ ಒಂದು ಚಕ್ಕೆಯನ್ನು ಅವರು ಕಾಗದದಲ್ಲಿ ಇಟ್ಟುಕೊಂಡಿದ್ದರು. ನಾನು “ಇರಲಾ, ಬಿಡಲಾ?” ಎಂದು ಪಿಸುಗುಟ್ಟಿದಾಗ, “ಇರ್ಲಿ ಕಣಮ್ಮ,” ಎಂದು ಗಟ್ಟಿಯಾಗಿಯೇ ಹೇಳಿದ್ದರು. ಅದನ್ನು ನಾನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ. ಅವರಿಗೂ ಅದು ನೆನಪಾಯಿತೋ ಏನೋ.

“ನಾಳೆ ಭಾನುವಾರ,” ಎಂದರು. “ಊಟ ಆದಮೇಲೆ ಕೂರೋಣ. ಎಲ್ಲಿಂದ ಎಲ್ಲಿಗೆ ಅಂತ ತೋರಿಸಿದ್ರೆ ಸಾಕು. ಓದೋಕೆ ಬರತ್ತೆ ನಂಗೆ, ಹೆದರಬೇಡ.”

ಭಾನುವಾರ ಅತ್ತಿಗೆ ಅಂಗಡಿಯ ಬಾಗಿಲಿಗೆ ‘ಇವತ್ತು ಇಲ್ಲ’ ಎಂದು ಬರೆದು ನೇತುಹಾಕಿದರು. ಹಳೆಯ ಲ್ಯಾಪ್‌ಟಾಪ್ ನನ್ನ ಕೋಣೆಯಲ್ಲಿ, ಹೊಸದು ನಡುಮನೆಯಲ್ಲಿ ಅವರ ಮಿಷನ್ನಿನ ಪಕ್ಕದ ಮೇಜಿನ ಮೇಲೆ. ಹೊಸಿಲು ದಾಟದೆ ಮನೆ ಬದಲಿಸಿದಂತೆ ಆಗುವುದಿಲ್ಲ ಎಂದು ಅವರದೇ ಹಟ. ನನ್ನನ್ನು ಎರಡೂ ಕಡೆ ಕಾಣುವಂತೆ ಬಾಗಿಲ ಬಳಿ ಒಂದು ಮಣೆ ಹಾಕಿ ಕೂರಿಸಿದರು. “ಕೈ ಮಡಿಲಲ್ಲಿರಲಿ. ಮುಟ್ಟಿದೆ ಅಂದ್ರೆ ನಾನು ಜವಾಬ್ದಾರಳಲ್ಲ.” ಒಂದೊಂದೇ ಬರಹವನ್ನು ಪೆನ್‌ಡ್ರೈವಿಗೆ ಎತ್ತಬೇಕು, ಅಲ್ಲಿ ತೆರೆದು ಓದಬೇಕು, ನನ್ನನ್ನು ಕೇಳಬೇಕು. ನಾಲ್ಕಾರು ಸೇರಿದ ಮೇಲೆ ನಡುಮನೆಗೆ ಒಯ್ದು ಹೊಸ ಫೋಲ್ಡರಿಗೆ ಇಳಿಸಿ, ದಿನಾಂಕದ ಸಾಲನ್ನು ತಿರುವಿ ಬರೆಯಬೇಕು. ಹಳೆಯದಕ್ಕೆ ದಿನ ಮೊದಲು ಬೇಕಿತ್ತು, ಹೊಸದಕ್ಕೆ ವರ್ಷ ಮೊದಲು.

“ಅಂದ್ರೆ ಮೈಯಳತೆ ಅದೇ, ಕಾಲರ್ ಮಾತ್ರ ಬೇರೆ ಇಡಬೇಕು. ಸರಿ,” ಎಂದು ಅತ್ತಿಗೆ ಕನ್ನಡಕ ಏರಿಸಿದರು. ಪೆನ್‌ಡ್ರೈವಿನ ಪುಟ್ಟ ಮುಚ್ಚಳವನ್ನು ಕಿತ್ತು ಸೆರಗಿಗೆ ಗಂಟುಹಾಕಿಕೊಂಡರು. “ಇದನ್ನೂ ಮುಚ್ಚಬಾರದು, ಯಾಕೆ ಬೇಕು ರಿಸ್ಕು.”

ಮೊದಲ ಬರಹ ಅಣ್ಣನ ಗೊರಕೆಯದು. ಗೊರಕೆಯಲ್ಲಿ ಯಾವ ಯಾವ ಪಕ್ಷಿಗಳ ದನಿ ಬರುತ್ತದೆಂದು ಶಾಸ್ತ್ರೀಯವಾಗಿ ವಿಂಗಡಿಸಿದ್ದೆ. ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡು ಓದಿದರು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. “ಇರಲಾ, ಬಿಡಲಾ ಅಂತ ಕೇಳಬೇಕಂತೆ, ಕೇಳ್ತಿದೀನಿ. ಬಿಡಿ ಅಂದ್ಯೋ, ಈ ಮನೇಲಿ ನಿಂಗೆ ಸಾರಿಲ್ಲ.”

“ಇರಲಿ,” ಎಂದೆ.

“ಕೇಳಿಸ್ಲಿಲ್ಲ.”

“ಇರಲಿ!”

ಒಳಗಿನಿಂದ ಅಣ್ಣ, “ಏನ್ರೀ ನಡೀತಿದೆ ಅಲ್ಲಿ?” ಎಂದ.

“ಹೆಂಗಸರು ಮನೆ ಬದಲಿಸ್ತಿದೀವಿ. ನೀವು ಟೀ ಮಾಡಿ,” ಎಂದರು ಅತ್ತಿಗೆ.

ಅಮ್ಮನ ಬರಹಗಳು ಬಂದಾಗ ಅವರ ಮಾತು ನಿಂತಿತು. ಹಪ್ಪಳದ ಖಾರದ ಪುಟವನ್ನು ಓದಿ, ಸ್ವಲ್ಪ ಹೊತ್ತು ಪರದೆಯ ಮೇಲೆ ಬೆರಳಿಟ್ಟುಕೊಂಡು ಕೂತರು. “ಅತ್ತೆ ಹಿಂಗೇ ಅಂತಿದ್ರು ಕಣೆ, ‘ಖಾರ ಕೈಗೆ ಹತ್ತಬೇಕು, ಕಣ್ಣಿಗಲ್ಲ’ ಅಂತ. ನಂಗೆ ಮರೆತೇಹೋಗಿತ್ತು.” ಕೇಳುವ ಮೊದಲೇ ನಾನು ಇರಲಿ ಎಂದೆ. ಅತ್ತಿಗೆ ಎದ್ದು, ಎರಡೂ ಕೈಯಲ್ಲಿ ಪೆನ್‌ಡ್ರೈವನ್ನು ಆರತಿ ತಟ್ಟೆಯ ಹಾಗೆ ಹಿಡಿದು ಹೊಸಿಲು ದಾಟಿದರು. ನಡುಮನೆಯಲ್ಲಿ ಅದನ್ನು ಇಳಿಸಿ, ತೆರೆದು, ನನ್ನ ಕಡೆ ತಿರುಗಿ, “ಬಂದ್ರು,” ಎಂದರು. ಎದ್ದು ಹೋಗಿ ಮುಟ್ಟದೆ ನೋಡಿದೆ. ತಲೆಬರಹ, ದಿನಾಂಕ, ಅದರ ಕೆಳಗೆ ಅಕ್ಷರ ಅಕ್ಷರವೂ ಇತ್ತು. ಅಮ್ಮ ಬಂದಿದ್ದಳು.

ಆಮೇಲಿನ ಬರಹಗಳಲ್ಲಿ ಅವರಿಗೆ ಅವರೇ ಸಿಗತೊಡಗಿದರು. ಹೊಲಿಗೆಗೆ ಬಂದ ಹೆಂಗಸೊಬ್ಬಳು ಒಂದೇ ರವಿಕೆಯನ್ನು ಮದುವೆಗೂ ಹೆರಿಗೆಗೂ ಸಡಿಲಿಸಿಕೊಂಡು ಹೋದ ಕಥೆ, ಅವರ ಅಪ್ಪ ರೇಡಿಯೋಗೆ ಎದುರುತ್ತರ ಕೊಡುತ್ತಿದ್ದ ಕಥೆ, ಸೂಜಿ ಮುರಿದಾಗಲೆಲ್ಲ ಅವರು ಯಾರನ್ನು ಬೈಯುತ್ತಾರೆನ್ನುವ ಪಟ್ಟಿ. “ಅಯ್ಯೋ, ಇದು ನಾನು ಹೇಳಿದ್ದಲ್ವಾ! ಇದೂ ನಂದೇ!” ಎಂದು ಮೊದಮೊದಲು ಕುಣಿದರು. ಬರಬರುತ್ತ ಕುಣಿಯುವುದು ನಿಂತು, ಓದಿ ನನ್ನನ್ನು ನೋಡುವುದು, ನೋಡಿ ಮತ್ತೆ ಓದುವುದು ಆಯಿತು. ನಾನು ನನ್ನ ಮಡಿಲಿನ ಕೈಗಳನ್ನು ನೋಡುತ್ತಿದ್ದೆ. ಅವರು ಹೇಳಿ ನನಗೆ ಕೊಟ್ಟುಬಿಟ್ಟದ್ದಾದ್ದರಿಂದ ಅವು ನನ್ನವೇ ಆಗಿದ್ದವು. ಅವರ ಕೈಯಲ್ಲಿ ಒಂದೂ ಹಗುರಾಗಲಿಲ್ಲ. ಕೆಲವನ್ನು ನಾನೇ ಬಿಡಿ ಎಂದೆ: ಸಂದರ್ಶನಗಳ ಗೋಳು, ಯಾರದೋ ಮೇಲಿನ ಮುನಿಸು. ಬಿಟ್ಟಾಗ ಸಂಕಟವಾಗಬಹುದೆಂದು ಹೆದರಿದ್ದೆ. ಹಗುರವಾಯಿತು. ನಾನಾಗಿ ಸ್ಕ್ರಿಪ್ಟಿನಲ್ಲಿ ಸಾಗಿಸಿದ್ದರೆ ಅವನ್ನೂ ಹೊತ್ತುಕೊಂಡೇ ಹೋಗುತ್ತಿದ್ದೆ.

ಹಿತ್ತಿಲಿನ ಬಿಸಿಲು ಕಿಟಕಿಯಿಂದ ಇಳಿದು ನೆಲಕ್ಕೆ ಬರುವ ಹೊತ್ತಿಗೆ ಫೋಲ್ಡರಿನಲ್ಲಿ ಒಂದೇ ಫೈಲು ಉಳಿಯಿತು. ನಾನು ಅದನ್ನು ಯಾವತ್ತೂ ಬ್ಲಾಗಿಗೆ ಹಾಕಿರಲಿಲ್ಲ. ಅದರ ಹೆಸರು ‘ಅತ್ತಿಗೆಗೆ’.

“ಅದು ಬಿಡಿ,” ಎಂದೆ, ತಟಕ್ಕನೆ, ಆ ದಿನದ ಅತಿ ಗಟ್ಟಿಯಾದ ದನಿಯಲ್ಲಿ.

ಅತ್ತಿಗೆಯ ಕೈ ಅಲ್ಲೇ ನಿಂತಿತು. ಅವರು ಹೆಸರನ್ನು ಓದಿದ್ದರು. “ಬಿಡು ಅಂದ್ರೆ ಬಿಟ್ಟೆ,” ಎಂದು ಮುಖ ಆ ಕಡೆ ತಿರುಗಿಸಿದರು. ಈ ಸಲ ಬೆರಳ ಸಂದಿಯಿಂದಲೂ ನೋಡಲಿಲ್ಲ. ಪರದೆ ಒಮ್ಮೆ ಮಿಣುಕಿತು. ಆ ಡಬ್ಬಿಗೆ ಆತುಕೊಂಡ ಯಂತ್ರ ಇವತ್ತೋ ನಾಳೆಯೋ ಎನ್ನುವಂತಿತ್ತು. ಅದು ಹೋದರೆ ಈ ಪುಟವೂ ಹೋಗುತ್ತದೆ. ಉಳಿದದ್ದೆಲ್ಲ ಹೋಗಿ ಇದೊಂದು ಉಳಿದರೂ ಸಾಕೆಂದು ನಾನು ಬರೆದ ಪುಟ ಅದು.

“ಇಲ್ಲ ಅತ್ತಿಗೆ,” ಎಂದೆ. “ಇರಲಿ.”

ಅವರು ಅದನ್ನು ಪೆನ್‌ಡ್ರೈವಿಗೆ ಎತ್ತಿದರು. ತೆರೆದರು. ನಾನು ಕಣ್ಣು ಮುಚ್ಚಿಕೊಂಡೆ. ನಗುವೋ ಅಳುವೋ ಕೇಳಿಸಬೇಕಿತ್ತು. ಏನೂ ಕೇಳಿಸಲಿಲ್ಲ.

“ಇದರಲ್ಲಿ ಏನೂ ಇಲ್ವಲ್ಲೇ,” ಎಂದರು ಅತ್ತಿಗೆ.

ಕಣ್ಣು ತೆರೆದೆ. ತಲೆಬರಹ, ದಿನಾಂಕ, ಬಿಳಿ. ನನ್ನ ಕೈ ಮಡಿಲಲ್ಲೇ ಇತ್ತು, ನಾನು ಮುಟ್ಟಿರಲಿಲ್ಲ. ಮುಚ್ಚಳ ತೆಗೆದಿತ್ತು. ಬಾಯಿಬಿಟ್ಟು ಇರಲಿ ಎಂದಿದ್ದೆ. ಏನು ತಪ್ಪಾಯಿತೆಂದು ನಾನು ಹುಡುಕುತ್ತಿರುವಾಗಲೇ ಅತ್ತಿಗೆಗೆ ಹೊಳೆದಿತ್ತು. ಅವರು ಬಿಳಿ ಪುಟವನ್ನು ನೋಡುತ್ತಲೇ, ಬಹಳ ಮೆತ್ತಗೆ, “ದೇವಕಮ್ಮನ ಗೆಜ್ಜೆ,” ಎಂದರು. ಆಮೇಲೆ, “ಹಂಗಾದ್ರೆ ಇದು ನಂದಾ?”

ನಾನು ತಲೆಯಾಡಿಸಿದೆ. ತಲೆಯಾಡಿಸಿದರೆ ನಡೆಯುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಮೂಲ ಇನ್ನೂ ಹಳೆಯ ಪರದೆಯಲ್ಲಿತ್ತು. ಅತ್ತಿಗೆ ಬೇಕೆಂದಿದ್ದರೆ ಅಲ್ಲೇ ತೆರೆದು ಓದಿಬಿಡಬಹುದಿತ್ತು. ಅವರ ಕಣ್ಣು ಒಂದು ಸಲ ಆ ಕಡೆ ಹೋಯಿತು ಕೂಡ. “ಹೊರಲಾರದ್ದನ್ನ ಓದೋ ಹಂಗಿಲ್ಲ, ನಮ್ಮೂರಲ್ಲಿ,” ಎಂದು ತಮಗೆ ತಾವೇ ಹೇಳಿಕೊಂಡು ಪೆನ್‌ಡ್ರೈವನ್ನು ಮಿಷನ್ನಿನ ಮೇಲಿಟ್ಟರು. ನಾನು ಸುಮ್ಮನಿದ್ದೆ. ಸುಮ್ಮನಿರುವುದನ್ನು ಅವರಿಂದ ಎಂದೂ ತಾಳಲಾಗದು. “ಹೋಗ್ಲಿ ಬಿಡೆ. ಬೈದಿರ್ತೀಯ. ಎಷ್ಟು ಮಾತಾಡ್ತಾಳಪ್ಪ ಈ ಹೆಂಗಸು, ತಲೆ ಚಿಟ್ಟು ಹಿಡಿಸ್ತಾಳೆ ಅಂತ ಬರೆದಿರ್ತೀಯ. ನಿಜ ತಾನೇ, ನಮ್ಮಮ್ಮನೂ ಅದೇ ಅಂತಿದ್ರು. ನಾನೇನು ಬೇಜಾರು ಮಾಡ್ಕೊಳಲ್ಲ. ಸಾರಿಗೆ ಬೇಳೆ ಇಡಬೇಕು…” ಎನ್ನುತ್ತ ಎದ್ದರು. ದನಿ ನಗುತ್ತಿತ್ತು. ಸೆರಗಿನ ಗಂಟಿನಲ್ಲಿದ್ದ ಪುಟ್ಟ ಮುಚ್ಚಳವನ್ನು ಬೆರಳುಗಳು ಸುಮ್ಮನೆ ತಿರುವುತ್ತಿದ್ದವು.

ಅಮ್ಮ ಹೋದ ಮೇಲೆ ನಾನು ಎಷ್ಟೋ ದಿನ ಮಾತಾಡಿರಲಿಲ್ಲ. ಕೋಣೆಯ ಕದ ಅರ್ಧ ಮುಚ್ಚಿ ಮಲಗಿರುತ್ತಿದ್ದೆ. ಆಗಷ್ಟೇ ಮನೆಗೆ ಬಂದಿದ್ದ ಅತ್ತಿಗೆ ತಮ್ಮ ಮಿಷನ್ನನ್ನು ಕಿಟಕಿಯ ಬೆಳಕಿನಿಂದ ಎಳೆದುತಂದು ನನ್ನ ಕದದ ಪಕ್ಕದ ಕತ್ತಲೆಗೆ ಹಾಕಿಕೊಂಡರು. ಅಲ್ಲಿ ಕೂತು, ಕಣ್ಣು ಕಿರಿದು ಮಾಡಿಕೊಂಡು ಹೊಲಿಯುತ್ತ, ಬೆಳಿಗ್ಗೆಯಿಂದ ಸಂಜೆಯವರೆಗೆ ಮಾತಾಡಿದರು. ರವಿಕೆಯ ಕಥೆ, ರೇಡಿಯೋದ ಕಥೆ, ಸುಣ್ಣದ ಗೋಡೆಯ ತವರಿನ ಕಥೆ. ನನ್ನಿಂದ ಹೂಂ ಎನ್ನುವ ಒಂದು ಸದ್ದನ್ನೂ ಕೇಳದೆ ಹೇಳಿದರು. ಒಂದು ಮಧ್ಯಾಹ್ನ ಅಣ್ಣ ಬಂದು, ಅವಳಿಗೆ ಕೇಳಿಸುವುದೂ ಇಲ್ಲ, ಯಾಕೆ ಗಂಟಲು ನೋಯಿಸಿಕೊಳ್ಳುತ್ತೀ ಎಂದ. ಅತ್ತಿಗೆ, ‘ಕೇಳಿಸದಿದ್ರೆ ಹೋಗ್ಲಿ, ಮನೇಲಿ ಸದ್ದಾದ್ರೂ ಇರ್ಲಿ’ ಎಂದರು. ಆಮೇಲೆ ಮಿಷನ್ ನಿಂತಿತು, ಮಾತೂ ನಿಂತಿತು, ಅವರು ಮೂಗು ಒರೆಸಿಕೊಂಡ ಸದ್ದಾಯಿತು. ಮತ್ತೆ ಶುರುಮಾಡಿದರು. ಆ ಸಂಜೆ ನಾನು ಎದ್ದು ಕೂತೆ. ಲ್ಯಾಪ್‌ಟಾಪ್ ತೆರೆದು ರವಿಕೆಯ ಕಥೆಯನ್ನು ಬರೆದೆ. ನನ್ನ ಬ್ಲಾಗು ಹುಟ್ಟಿದ್ದು ಹೀಗೆ. ‘ಅತ್ತಿಗೆಗೆ’ ಎನ್ನುವ ಪುಟದಲ್ಲಿ ಇಷ್ಟೇ ಇದ್ದದ್ದು.

ನನ್ನದನ್ನು ನಾನು ಹೊತ್ತರೆ ಬರಿದು. ಅವರದನ್ನು ಅವರು ಹೊತ್ತರೂ ಬರಿದು. ಇಷ್ಟು ವರ್ಷ ನನ್ನ ಹತ್ತಿರ ಉಳಿದುಬಿಟ್ಟಿದ್ದ ಅವರ ಸಾಮಾನು ಅದು. ಹಾಗಾದರೆ ಅದನ್ನು ಹೊರುವ ಕೈ ನನ್ನದೇ ಆಗಬೇಕಿತ್ತು, ಮತ್ತೆ ಯಾರಿಂದಲೂ ಆಗುವಂತಿರಲಿಲ್ಲ.

ಮಣೆಯಿಂದ ಎದ್ದೆ. ಅತ್ತಿಗೆ ಅಡುಗೆಮನೆಯ ಹೊಸಿಲಿನವರೆಗೆ ಹೋಗಿದ್ದರು.

“ಅತ್ತಿಗೆ. ಇರಲಾ, ಬಿಡಲಾ?”

ಅವರು ತಿರುಗಿದರು. ಹೊರುವವರ ಪ್ರಶ್ನೆಯನ್ನು ನಾನು ಕೇಳುತ್ತಿದ್ದೇನೆಂದು ಅರ್ಥವಾಗಲು ಅವರಿಗೆ ಒಂದು ಗಳಿಗೆ ಹಿಡಿಯಿತು. ಸೆರಗಿನ ಗಂಟನ್ನು ಬಿಟ್ಟರು. ಎರಡೂ ಕೈಗಳನ್ನು ಖಾಲಿಯಾಗಿ ಮುಂದೆ ಜೋಡಿಸಿಕೊಂಡು, ವಾಸುದೇವಯ್ಯನವರ ಹಾಗೆಯೇ ಮುಜುಗರದಿಂದ ನಿಂತರು.

“ಇರ್ಲಿ,” ಎಂದರು. ಅಷ್ಟು ಸಣ್ಣ ದನಿ ಅವರಿಗಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

“ನೀವು ಮಾತಾಡ್ತಿದ್ದಿದ್ದು ನಂಗೆ ಕೇಳಿಸ್ತಿತ್ತು, ಅತ್ತಿಗೆ,” ಎಂದೆ. “ಒಂದೊಂದು ಮಾತೂ ಕೇಳಿಸ್ತಿತ್ತು.”